ಕೈಕೊಳದ ತೊರಕೆಗಳು

ಪಡುಬಂದರಿನಲ್ಲಿ ‘ಕಡಲಮನೆ’ ತೆರೆದ ದಿನ ಜನ ಮೊದಲು ನುಗ್ಗಿದ್ದು ಶಾರ್ಕುಗಳ ಗಾಜಿನ ಸುರಂಗಕ್ಕೆ. ಅಲ್ಲಿ ಫೋಟೊ ಹೊಡೆದುಕೊಂಡರು, ಪೆಂಗ್ವಿನ್‌ಗಳ ಚಳಿಕೋಣೆಯ ಗಾಜಿಗೆ ಮೂಗು ಒತ್ತಿ ನಿಂತರು, ಕೊನೆಗೆ ಹೊರದಾರಿಯ ಪಕ್ಕದಲ್ಲಿದ್ದ ಕೈಕೊಳದ ಹತ್ತಿರ, ಇದನ್ನೂ ನೋಡಿದ ಹಾಗಾಗಲಿ ಎಂಬಂತೆ ಬಂದು ನಿಂತರು. ನಿಂತವರು ಅಲ್ಲಿಂದ ಕದಲಲಿಲ್ಲ. ಬಾಗಿಲು ಹಾಕುವ ಹೊತ್ತಿಗೆ ಸುರಂಗ ಖಾಲಿಯಾಗಿತ್ತು, ಕೈಕೊಳದ ಸುತ್ತ ಮಾತ್ರ ಜನ ಒಬ್ಬರ ಬೆನ್ನಿಗೊಬ್ಬರು ಒತ್ತಿಕೊಂಡು ನಿಂತಿದ್ದರು.

ಅದು ಸೊಂಟದೆತ್ತರದ ದುಂಡನೆಯ ತೊಟ್ಟಿ. ಮೊಣಕೈ ಮುಳುಗುವಷ್ಟು ಸಮುದ್ರದ ನೀರು, ಅಡಿಯಲ್ಲಿ ಮರಳು, ಮರಳಿನದೇ ಬಣ್ಣದ ತೊರಕೆ ಮೀನುಗಳು. ತೊರಕೆ ಎಂದರೆ ಕರಾವಳಿಯವರಿಗೆ ಗೊತ್ತು: ದೋಸೆಯ ಹಾಗೆ ಚಪ್ಪಟೆ ಮೈ, ಚಾಟಿಯಂಥ ಬಾಲ, ಬಾಲದಲ್ಲಿ ವಿಷದ ಮುಳ್ಳು. ಇಲ್ಲಿಯವುಗಳ ಮುಳ್ಳನ್ನು ಉಗುರು ಕತ್ತರಿಸುವ ಹಾಗೆ ಕತ್ತರಿಸಿ ಬಿಟ್ಟಿದ್ದರು. ಕೈಯನ್ನು ನೀರಿನಲ್ಲಿಟ್ಟು ಸುಮ್ಮನೆ ಕಾದರೆ ಸಾಕು, ಒಂದೊಂದಾಗಿ ಮರಳು ಕೊಡವಿಕೊಂಡು ಮೇಲೆದ್ದು ಬಂದು ಅಂಗೈಯ ಕೆಳಗೆ ನುಸುಳುತ್ತಿದ್ದವು. ಸಾಕಿದ ಬೆಕ್ಕು ಕಾಲಿಗೆ ಮೈ ತಿಕ್ಕುವ ಹಾಗೆ. ಅತ್ತು ರಂಪ ಮಾಡುತ್ತಿದ್ದ ಮಕ್ಕಳು ಅಲ್ಲಿ ಸುಮ್ಮನಾಗುತ್ತಿದ್ದರು. ಆ ವರ್ಷ ಒಂದು ವಾರಪತ್ರಿಕೆ, ದೇಶದಲ್ಲಿ ಹೊಸದಾಗಿ ತೆರೆದ ಮೃಗಾಲಯ ಮತ್ತು ಮತ್ಸ್ಯಾಲಯಗಳ ಪ್ರದರ್ಶನಗಳಲ್ಲಿ ನಿಮಗೆ ಮೆಚ್ಚಿನದು ಯಾವುದು ಎಂದು ಓದುಗರನ್ನು ಕೇಳಿತು. ಗಾಜಿನ ಗೋಡೆಯ ಹುಲಿಮನೆಯನ್ನೂ, ಒಳಗೆ ನಡೆದಾಡಬಹುದಾದ ಹಕ್ಕಿಗಳ ಗುಮ್ಮಟವನ್ನೂ ಹಿಂದೆ ಹಾಕಿ ಕೈಕೊಳ ಮೊದಲ ಸ್ಥಾನಕ್ಕೆ ಬಂತು.

ಕೈಕೊಳದ ಹೊಣೆ ಹೊತ್ತವಳು ಹರಿಣಾಕ್ಷಿ. ಕಡಲಜೀವಶಾಸ್ತ್ರ ಓದಿದವಳು, ನಲವತ್ತು ದಾಟಿದವಳು. ಗಂಡ ತೀರಿಹೋದ ಮೇಲೆ ಕಂಬಳಗುಡ್ಡೆಯಲ್ಲಿ ತಮ್ಮ ತಾರಾನಾಥನ ಮನೆಯ ಮಹಡಿಯಲ್ಲಿ ಇದ್ದಳು. ತಾರಾನಾಥ ಸಿಟಿ ಬಸ್ಸಿನ ಡ್ರೈವರ್. ಅವನ ಹೆಂಡತಿ ವಾರಿಜ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಮೂವರೂ ರಾತ್ರಿ ಒಟ್ಟಿಗೆ ಊಟ ಮಾಡುವುದು ವಾಡಿಕೆ.

“ನಿಮ್ಮ ಮೀನುಗಳಿಗೆ ಮನುಷ್ಯರ ಮೇಲೆ ಇಷ್ಟು ಪ್ರೀತಿ ಹೇಗೆ ಅತ್ತಿಗೆ?” ಎಂದು ವಾರಿಜ ಒಮ್ಮೆ ಕೇಳಿದ್ದಳು.

“ಪ್ರೀತಿ ಅಲ್ಲ ಮಾರಾಯ್ತಿ, ಕರೆಂಟು,” ಎಂದು ಹರಿಣಾಕ್ಷಿ ನಕ್ಕಿದ್ದಳು.

ಅದು ನಿಜವೇ. ಜೀವವಿರುವ ಯಾವ ಮೈಯಾದರೂ ನರ ಮಿಡಿದಾಗ, ಸ್ನಾಯು ಬಿಗಿದಾಗ ಸುತ್ತಲಿನ ನೀರಿಗೆ ಒಂದು ಎಳೆಯಷ್ಟು ವಿದ್ಯುತ್ತನ್ನು ಬಿಡುತ್ತದೆ. ತೊರಕೆಯ ಮೂತಿಯ ಸುತ್ತ ಲೋಳೆ ತುಂಬಿದ ಸಣ್ಣ ಸಣ್ಣ ರಂಧ್ರಗಳಿವೆ. ಅವುಗಳಿಂದ ಅದು ಮರಳಿನಡಿ ಅಡಗಿದ ಸಿಗಡಿಯ ಎದೆಬಡಿತವನ್ನು ಕಂಡುಹಿಡಿಯುತ್ತದೆ. ಕೈಕೊಳದ ತೊರಕೆಗಳಾದರೋ ಸಾಮಾನ್ಯದವಲ್ಲ. ಸಮುದ್ರದಡಿಯ ಕೇಬಲ್ಲುಗಳಲ್ಲಿ ಎಲ್ಲಿ ಸೋರಿಕೆಯಿದೆ ಎಂದು ಹುಡುಕಿಸುವುದಕ್ಕಾಗಿ ಒಂದು ಪ್ರಯೋಗಾಲಯ ಇವುಗಳ ವಂಶವಾಹಿಯನ್ನು ತಿದ್ದಿ, ಆ ರಂಧ್ರಗಳನ್ನು ಹಲವು ಪಟ್ಟು ಚುರುಕುಗೊಳಿಸಿತ್ತು. ಆಮೇಲೆ ಆ ಕೆಲಸಕ್ಕೆ ಯಂತ್ರವೇ ಅಗ್ಗ ಎಂದು ತೀರ್ಮಾನವಾಗಿ ಯೋಜನೆ ಮುಚ್ಚಿತು. ಮರಿಗಳು ಉಳಿದವು. ಕೊಲ್ಲಲು ಮನಸ್ಸು ಬಾರದೆ ಅವರು ಕಡಲಮನೆಗೆ ದಾನ ಕೊಟ್ಟರು.

ಮೊದಲ ಸಲ ತೊರಕೆಗಳು ಒಬ್ಬರ ಕೈ ಬಿಟ್ಟು ಹೋದದ್ದನ್ನು ಹರಿಣಾಕ್ಷಿ ತಮಾಷೆಯಾಗಿಯೇ ತೆಗೆದುಕೊಂಡಿದ್ದಳು. ಐರಿನ್ ಟೀಚರ್ ಎಂಬವರು ಶಾಲೆಯ ಮಕ್ಕಳನ್ನು ಕರೆದುಕೊಂಡು ಬಂದಿದ್ದರು. ಮಕ್ಕಳ ಕೈಗಳಿಗೆಲ್ಲ ಮೀನು ಮುತ್ತಿಕೊಂಡಿದ್ದವು. ಟೀಚರ್ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೈ ಇಳಿಸಿದರು. ಇಳಿಸಿದ್ದೇ ತಡ, ಆ ಬದಿಯ ತೊರಕೆಗಳೆಲ್ಲ ಆಚೆ ಬದಿಗೆ ಸರಿದವು. ಅವರು ಸುತ್ತಿಕೊಂಡು ಆಚೆ ಬದಿಗೆ ಬಂದರು. ಮೀನುಗಳು ಈಚೆ ಬಂದವು.

“ಟೀಚರನ್ನು ಕಂಡರೆ ಮೀನಿಗೂ ಹೆದರಿಕೆ,” ಎಂದು ಒಬ್ಬ ಹುಡುಗಿ ಹೇಳಿದಳು. ಮಕ್ಕಳು ಬಿದ್ದು ಬಿದ್ದು ನಕ್ಕರು. ಟೀಚರೂ ನಕ್ಕರು.

“ಕೈಗೆ ಸೋಪು, ಕ್ರೀಮು ಎಂತಾದ್ರೂ ಹಚ್ಚಿದ್ರಾ ಮೇಡಂ?” ಎಂದು ಹರಿಣಾಕ್ಷಿ ಕೇಳಿದಳು. ಇಲ್ಲವೆಂದರು. ಅಲ್ಲಿಗೆ ಆ ಸಂಗತಿ ಮುಗಿಯಿತು.

ಮಳೆಗಾಲ ಕಳೆದ ಮೇಲೆ ಒಂದು ದಿನ ಐರಿನ್ ಟೀಚರ್ ಮತ್ತೆ ಬಂದರು. ಈ ಸಲ ಒಬ್ಬರೇ. ಬಲಗೈಯನ್ನು ಬ್ಯಾಗಿನೊಳಗೆ ಇಟ್ಟುಕೊಂಡಿದ್ದರು. ಜನ ಕಡಿಮೆಯಾಗುವವರೆಗೆ ಬೆಂಚಿನ ಮೇಲೆ ಕಾದು ಕುಳಿತು, ಆಮೇಲೆ ಹತ್ತಿರ ಬಂದರು.

“ನನಗೆ ನಿಮ್ಮಲ್ಲಿ ಒಂದು ಕೇಳ್ಲಿಕ್ಕುಂಟು.”

“ಕೇಳಿ ಮೇಡಂ.”

ಟೀಚರ್ ಕೈ ಹೊರಗೆ ತೆಗೆದರು. ಬೆರಳುಗಳು ಗಾಳಿಗೆ ಸಿಕ್ಕ ಎಲೆಯಂತೆ ಅದುರುತ್ತಿದ್ದವು. “ಚಾಕ್‌ಪೀಸ್ ನಿಲ್ಲುವುದಿಲ್ಲ ಈಗ. ನರ ಸವೆಯುವ ಕಾಯಿಲೆಯಂತೆ. ಶುರುವಾಗಿ ಎರಡು ತಿಂಗಳು ಆಯ್ತಷ್ಟೆ ಅಂತಾರೆ ಡಾಕ್ಟ್ರು. ಆದ್ರೆ ನಾನು ಮಕ್ಕಳೊಟ್ಟಿಗೆ ಇಲ್ಲಿ ಬಂದದ್ದು ಅದಕ್ಕೂ ಎಷ್ಟೋ ಮೊದಲು. ನಿಮ್ಮ ಮೀನುಗಳಿಗೆ ಅವತ್ತೇ ಗೊತ್ತಿತ್ತಾ?”

ಹರಿಣಾಕ್ಷಿ ಒಂದು ಕುರ್ಚಿ ಎಳೆದು ಅವರನ್ನು ಕೂರಿಸಿ, ಕುಡಿಯಲು ನೀರು ತಂದುಕೊಟ್ಟಳು.

ಕಡಲಮನೆಯ ನಿಯಂತ್ರಣ ಕೊಠಡಿ ನೆಲಮಾಳಿಗೆಯಲ್ಲಿತ್ತು. ಅಲ್ಲಿ ಅನ್ಸಾರ್ ಎಂಬ ಎಂಜಿನಿಯರ್ ನೀರಿನ ಉಷ್ಣತೆ, ಉಪ್ಪು, ಪಂಪುಗಳು, ಕ್ಯಾಮೆರಾಗಳು ಎಲ್ಲವನ್ನೂ ನೋಡಿಕೊಳ್ಳುತ್ತಿದ್ದ. ಕೈಕೊಳದ ನೆತ್ತಿಯ ಮೇಲೊಂದು ಕ್ಯಾಮೆರಾ ಇತ್ತು. ಯಾವ ಮೀನು ಸೊರಗಿದೆ ಎಂದು ತಿಳಿಯಲು ಗಣಕ ಪ್ರತಿ ಮೀನಿನ ಓಡಾಟವನ್ನೂ ಬಣ್ಣದ ದಾರದಂತೆ ಎಳೆದು ತೋರಿಸುತ್ತಿತ್ತು. ಕೈಗಳಿದ್ದಲ್ಲೆಲ್ಲ ದಾರಗಳು ಗಂಟು ಗಂಟಾಗಿ ಸೇರಿಕೊಳ್ಳುವುದು ಸಾಮಾನ್ಯ.

“ಟೀಚರ್ ಬಂದ ದಿನದ್ದು ತೆಗಿ ಅನ್ಸಾರ್,” ಎಂದಳು.

ತೆಗೆದ. ಆ ಒಂದು ಕೈಯ ಸುತ್ತ ಒಂದೂ ದಾರವಿರಲಿಲ್ಲ. ಬೋಳು ವೃತ್ತ.

“ಇಂಥದ್ದು ಬೇರೆಯೂ ಉಂಟಾ ನೋಡು.”

ಅನ್ಸಾರ್ ಹುಡುಕಿಸಿದ. ತೆರೆಯ ಮೇಲೆ ಒಂದರ ಹಿಂದೊಂದು ಬೋಳು ವೃತ್ತಗಳು ಬಂದವು. ಬಹಳವಿರಲಿಲ್ಲ, ಆದರೆ ಇದ್ದವು. ಟಿಕೆಟ್ಟು ಕಾಯ್ದಿರಿಸಿದವರ ಫೋನ್ ನಂಬರುಗಳು ಕಚೇರಿಯಲ್ಲಿದ್ದವು. ಹರಿಣಾಕ್ಷಿ ಆ ವಾರವೆಲ್ಲ ಕೆಲಸದ ನಡುವೆ ಒಬ್ಬೊಬ್ಬರಿಗೇ ಕರೆ ಮಾಡಿದಳು. ಕೆಲವರು, ಏನೂ ಆಗಿಲ್ಲ, ಚೆನ್ನಾಗಿದ್ದೇನೆ, ಯಾಕೆ ಕೇಳ್ತೀರಿ ಎಂದರು. ಉಳಿದವರು, ನಿಮಗೆ ಹೇಗೆ ಗೊತ್ತಾಯ್ತು ಎಂದರು. ಚೆನ್ನಾಗಿದ್ದೇನೆ ಎಂದವರಲ್ಲಿ ಇಬ್ಬರು ತಿಂಗಳು ಕಳೆಯುವುದರೊಳಗೆ ಅವರಾಗಿಯೇ ಫೋನ್ ಮಾಡಿದರು.

ನಗರದ ನರರೋಗ ತಜ್ಞರು ಇದನ್ನು ಪರೀಕ್ಷಿಸಿ ಒಪ್ಪಿದರು. ನಡುಕ ಕಾಣಿಸಿಕೊಳ್ಳುವ ವರ್ಷಕ್ಕೂ ಮೊದಲೇ ನರಗಳ ಮಿಡಿತದ ಲಯ ಕೆಡುತ್ತದೆ, ಅದನ್ನು ಹಿಡಿಯುವ ಯಂತ್ರ ತಮ್ಮಲ್ಲಿಲ್ಲ, ಮೀನುಗಳಿಗೆ ಅದು ಸಾಯುತ್ತಿರುವ ಜೀವದ ಗುರುತಿನಂತೆ ಕಂಡು ದೂರ ಸರಿಯುತ್ತಿರಬಹುದು ಎಂದರು. ಬೇಗ ಗೊತ್ತಾದರೆ ರೋಗವನ್ನು ತಡೆದು ಹಿಡಿಯುವ ಮಾತ್ರೆ ಇತ್ತು. ಹರಿಣಾಕ್ಷಿಗೆ ಸಮಾಧಾನವಾದದ್ದು ಅದೊಂದೇ ಸಂಗತಿಯಿಂದ. ಅವಳು ನಿರ್ದೇಶಕ ಸದಾನಂದ ಅಡ್ಯಂತಾಯರ ಹತ್ತಿರ ಹೋಗಿ, ಬೇರೆಯೇ ಒಂದು ಚಿಕ್ಕ ಕೊಳ ಮಾಡೋಣ, ಪರದೆ ಹಾಕೋಣ, ಒಬ್ಬರು ಡಾಕ್ಟರು ಇರಲಿ, ಹೆಸರು ಹೊರಗೆ ಹೋಗಬಾರದು ಎಂದಳು. ಅಡ್ಯಂತಾಯರು ಒಪ್ಪಿದರು. ಅವರು ಒಳ್ಳೆಯ ಮನುಷ್ಯರೇ. ಆದರೆ ಪರದೆಯ ಬಟ್ಟೆ ಬರುವ ಮೊದಲೇ ಸುದ್ದಿ ಪತ್ರಿಕೆಯಲ್ಲಿ ಬಂತು.

ಆಮೇಲೆ ನಡೆದದ್ದನ್ನು ತಡೆಯುವುದು ಯಾರಿಂದಲೂ ಆಗುತ್ತಿರಲಿಲ್ಲ. ಮೊದಲು ಬಂದದ್ದು ಹೆದರಿದವರು. ಅವರ ಹಿಂದೆ ಹೆದರಿಸುವವರು ಬಂದರು. ಹುಡುಗಿ ನೋಡುವ ಶಾಸ್ತ್ರ ಮುಗಿಸಿ ಎರಡೂ ಕಡೆಯವರು ವ್ಯಾನ್ ಮಾಡಿಕೊಂಡು ನೇರವಾಗಿ ಕೈಕೊಳಕ್ಕೆ ಬರತೊಡಗಿದರು. ಗಂಡಿನ ಕೈ, ಹೆಣ್ಣಿನ ಕೈ, ಆಮೇಲೆ ಮಾವನ ಕೈ, ಅತ್ತೆಯ ಕೈ. ಮೀನು ಬಂದರೆ ಅಲ್ಲಿಯೇ ಸಕ್ಕರೆ ಹಂಚುತ್ತಿದ್ದರು. ಬಾರದಿದ್ದರೆ ಎರಡು ವ್ಯಾನುಗಳು ಎರಡು ದಿಕ್ಕಿಗೆ ಹೋಗುತ್ತಿದ್ದವು. ವಿಮಾ ಕಂಪನಿಯವರು ಬಂದರು, ಬೋಟಿನ ಮಾಲೀಕರು ಬಂದರು, ದಂತವೈದ್ಯರ ಹತ್ತಿರ ಹೋಗುವವರು ಮೊದಲು ಡಾಕ್ಟರು ಕೈ ತೋರಿಸಿ ಬಂದಿದ್ದಾರೋ ಎಂದು ವಿಚಾರಿಸತೊಡಗಿದರು. ‘ಕೈ ತೋರಿಸಿ ಆಯ್ತಾ?’ ಎನ್ನುವುದು ಊಟ ಆಯಿತೇ ಎಂಬಷ್ಟು ಸಾಮಾನ್ಯದ ಮಾತಾಯಿತು. ಯಾರ ಕೈಗೆ ಮೀನು ಬರುವುದಿಲ್ಲವೋ ಅವರಿಗೆ ‘ಬಿಟ್ಟವರು’ ಎಂಬ ಹೆಸರು ಬಿತ್ತು. ಆ ಹೆಸರು ಬಿದ್ದ ಮೇಲೆ ಕೈ ನಡುಗಲು ವರ್ಷ ಕಾಯಬೇಕಾಗಿರಲಿಲ್ಲ, ಆ ಹೆದರಿಕೆಗೇ ಕೆಲವರು ನಡುಗುತ್ತಿದ್ದರು.

ಬಸ್ ಮಾಲೀಕರ ಸಂಘ ಎಲ್ಲ ಡ್ರೈವರುಗಳೂ ಕೈ ತೋರಿಸಿ ಬರಬೇಕೆಂದು ಹೇಳಿದ ದಿನ ತಾರಾನಾಥ ನಗುತ್ತಲೇ ಊಟಕ್ಕೆ ಕುಳಿತ.

“ನಾಳೆ ನಮ್ಮ ಸರದಿ ಅಕ್ಕ. ನಿನ್ನ ಮೀನುಗಳಿಗೆ ಸ್ವಲ್ಪ ಹೇಳಿಡು, ನಮ್ಮ ಜನ ಅಂತ.”

“ನಿನಗೆ ಎಂಥ ಆಗಿದೆ? ಕಲ್ಲುಗುಂಡಿನ ಹಾಗಿದ್ದಿ.”

ಮರುದಿನ ಡ್ರೈವರುಗಳು ಖಾಕಿ ಅಂಗಿಯ ತೋಳು ಮಡಚಿಕೊಂಡು ಸಾಲಾಗಿ ನಿಂತಿದ್ದರು. ಹರಿಣಾಕ್ಷಿ ತೊಟ್ಟಿಯ ಆಚೆ ಬದಿಯಲ್ಲಿದ್ದಳು. ತಾರಾನಾಥ ಅಕ್ಕನತ್ತ ಹುಬ್ಬು ಹಾರಿಸಿ ಕೈ ಇಳಿಸಿದ. ಅಂಗೈಯ ಹತ್ತಿರವೇ ಮರಳಿನಲ್ಲಿ ಮಲಗಿದ್ದ ದೊಡ್ಡ ತೊರಕೆಯೊಂದು ಎದ್ದಿತು. ಅವನ ಕಡೆಗೇ ಬರುತ್ತದೆ ಎನ್ನಿಸಿತು. ಒಂದು ಕ್ಷಣ ನೀರಿನಲ್ಲಿ ತೂಗಿಕೊಂಡು ನಿಂತು, ರೆಕ್ಕೆ ಮಡಚಿ ತಿರುಗಿ ಹೋಯಿತು. ಅದರ ಹಿಂದೆ ಉಳಿದವು.

ಹಿಂದೆ ನಿಂತಿದ್ದ ಡ್ರೈವರ್ ಒಂದು ಹೆಜ್ಜೆ ಹಿಂದಕ್ಕೆ ಸರಿದ. ತಾರಾನಾಥ ಇನ್ನೂ ಸ್ವಲ್ಪ ಹೊತ್ತು ಕೈ ಇಟ್ಟುಕೊಂಡೇ ಇದ್ದ. ಆಮೇಲೆ ತೆಗೆದು ಪ್ಯಾಂಟಿಗೆ ಒರೆಸಿಕೊಂಡ.

ಆ ಸಂಜೆ ಮಾಲೀಕರು ಬಸ್ಸಿನ ಕೀಲಿ ತೆಗೆದುಕೊಂಡರು. ಕೆಟ್ಟದಾಗಿ ಏನೂ ಮಾತಾಡಲಿಲ್ಲವಂತೆ. ಬೆನ್ನು ತಟ್ಟಿ, ಮಾತ್ರೆ ತಪ್ಪಿಸಬೇಡ ಎಂದರಂತೆ.

ತಾರಾನಾಥ ಜಗಲಿಯಲ್ಲಿ ಕುಳಿತಿದ್ದ. ಹರಿಣಾಕ್ಷಿ ಪಕ್ಕದಲ್ಲಿ ಬಂದು ಕುಳಿತಳು.

“ಕೈಕೊಳ ಅಂತ ಹೆಸರಿಟ್ಟದ್ದು ಯಾರು ಅಕ್ಕ?”

“ನಾನೇ. ಯಾಕೆ?”

“ಒಂದು ದೀರ್ಘ ಬಿಟ್ಟುಹೋಗಿದೆ,” ಎಂದ. “ಕೈಕೋಳ ಅಂತ ಬರೀಬೇಕಿತ್ತು.”

ಒಳಗಿನಿಂದ ವಾರಿಜಳ ಹೊಲಿಗೆ ಯಂತ್ರದ ಸದ್ದು ಬರುತ್ತಿತ್ತು. ಈಗ ಮನೆ ನಡೆಯಬೇಕಾದದ್ದು ಅದರಿಂದ.

ಹೀಗೆ ವರ್ಷ ತುಂಬುತ್ತ ಬಂತು. ಬಿಟ್ಟವರು ಊರಿನಲ್ಲಿ ಒಂದು ಬೇರೆಯೇ ಜಾತಿಯಂತಾದರು. ಅವರ ಮಕ್ಕಳಿಗೆ ಸಂಬಂಧ ಬರುತ್ತಿರಲಿಲ್ಲ, ಅವರ ಅಂಗಡಿಯ ತಕ್ಕಡಿಯ ಮೇಲೆ ಜನರಿಗೆ ಸಂಶಯ. ಮೀನು ಒಪ್ಪಿದವರು ನೆಮ್ಮದಿಯಾಗಿದ್ದರು. ಆಗ ಒಂದು ದಿನ ಅನ್ಸಾರ್ ನೆಲಮಾಳಿಗೆಯಿಂದ ಫೋನ್ ಮಾಡಿ, “ಮೇಡಂ, ಒಮ್ಮೆ ಕೆಳಗೆ ಬನ್ನಿ,” ಎಂದ.

ತೆರೆಯ ಮೇಲೆ ಆ ಬೆಳಗಿನ ಕೈಕೊಳವಿತ್ತು. ಹರಿಣಾಕ್ಷಿ ಮೊದಲು ಅದನ್ನು ಯಂತ್ರದ ದೋಷವೆಂದೇ ತಿಳಿದಳು. ಬೋಳು ವೃತ್ತಗಳು ಒಂದಕ್ಕೊಂದು ತಾಗಿಕೊಂಡಿದ್ದವು. ದಾರಗಳೆಲ್ಲ ತೊಟ್ಟಿಯ ನಡುವೆ, ಯಾರ ಕೈಯೂ ಎಟುಕದಲ್ಲಿ, ಒಂದು ಉಂಡೆಯಾಗಿ ಸುತ್ತಿಕೊಂಡಿದ್ದವು.

“ಒಂದು ತಿಂಗಳಿಂದ ಹೆಚ್ಚಾಗ್ತಾ ಉಂಟು. ಮೀನಿಗೆ ಹುಷಾರಿಲ್ಲ ಅಂದುಕೊಂಡೆ. ಇವತ್ತು ಬೆಳಿಗ್ಗೆ ಬಂದವರಲ್ಲಿ ಮುಕ್ಕಾಲು ಪಾಲು ಜನರನ್ನು ಬಿಟ್ಟಿವೆ,” ಎಂದ ಅನ್ಸಾರ್. ತೆರೆಯಿಂದ ಕಣ್ಣು ತೆಗೆಯದೆ, “ನಾನೂ ಹೋಗಿ ಕೈ ಇಟ್ಟು ನೋಡಿದೆ ಮೇಡಂ,” ಎಂದ. ಅವಳು ಅವನ ಮುಖ ನೋಡಿದಳು. ಮುಂದೆ ಕೇಳಬೇಕಾಗಲಿಲ್ಲ.

ಮೀನುಗಳನ್ನು ಒಂದೊಂದಾಗಿ ತೆಗೆದು ಪರೀಕ್ಷಿಸಿದರು. ತಂತಿಯಿಂದ ಸಣ್ಣ ವಿದ್ಯುತ್ತು ಬಿಟ್ಟರೆ ಮೊದಲಿನಷ್ಟೇ ಚುರುಕಾಗಿ ಬರುತ್ತಿದ್ದವು. ಆ ಶನಿವಾರ ಬಯಲುಸೀಮೆಯಿಂದ ಪ್ರವಾಸ ಬಂದ ಒಂದು ಬಸ್ಸು ಜನ ಕೈ ಇಟ್ಟರು. ತೊರಕೆಗಳು ಹಸಿದವರಂತೆ ಅವರ ಕೈಗಳಿಗೆ ಮುಗಿಬಿದ್ದವು. ಅವರು ಎದ್ದುಹೋದ ಮೇಲೆ ಊರಿನ ಒಂದು ಶಾಲೆಯ ಮಕ್ಕಳು ಬಂದು ಸುತ್ತ ನಿಂತರು, ನಲವತ್ತು ಸಣ್ಣ ಅಂಗೈಗಳು ನೀರಿಗಿಳಿದವು. ಮೀನುಗಳು ನಡುವೆ ಸೇರಿಕೊಂಡು ಒಂದರ ಮೇಲೊಂದು ಒತ್ತಿ ನಿಂತವು. ಮಕ್ಕಳು ಚಪ್ಪಾಳೆ ತಟ್ಟಿ ಕರೆದರು, ನೀರು ಬಡಿದರು. ಒಂದೂ ಅಲುಗಲಿಲ್ಲ. ದೋಷ ಮೀನಿನಲ್ಲಿಲ್ಲ.

ಅವಳಿಗೆ ದಾರಿ ತೋರಿಸಿದ್ದು ಅವಳದೇ ಮನೆ. ಭಾನುವಾರ ಕಡಲಮನೆಗೆ ವಾರಿಜಳನ್ನು ಕರೆತಂದು ಕೈ ಇಡಿಸಿದಳು. ತೊರಕೆಗಳು ಬಂದವು. ಹರಿಣಾಕ್ಷಿಯ ಕೈಗೂ ಬಂದವು. ಒಂದೇ ಮನೆ, ಒಂದೇ ಅಡಿಗೆ. ತಾರಾನಾಥನಿಗೆ ಮಾತ್ರ ಬೇರೆ ಏನಿತ್ತು? ಬೆಳಗಿನಿಂದ ರಾತ್ರಿಯವರೆಗೆ ಅವನು ಇರುತ್ತಿದ್ದದ್ದು ಬಸ್ಸಿನಲ್ಲಿ, ಕುಡಿಯುತ್ತಿದ್ದದ್ದು ಬಸ್‌ಸ್ಟ್ಯಾಂಡಿನ ನಲ್ಲಿಯ ನೀರು. ಮನೆಯ ಹೆಂಗಸರಿಬ್ಬರೂ ಕುಡಿಯುತ್ತಿದ್ದದ್ದು ಹಿತ್ತಲಿನ ಬಾವಿಯ ನೀರು. ಹರಿಣಾಕ್ಷಿ ಕೆಲಸಕ್ಕೂ ಅದನ್ನೇ ಬಾಟಲಿಯಲ್ಲಿ ಒಯ್ಯುತ್ತಿದ್ದಳು.

ಕೆಲವು ವರ್ಷಗಳ ಹಿಂದೆ ನದಿ ಬೇಸಿಗೆಯಲ್ಲಿ ಬತ್ತತೊಡಗಿದಾಗ ಪಡುಬಂದರಿನವರು ಸಮುದ್ರದ ನೀರನ್ನೇ ಸಿಹಿ ಮಾಡಿ ಕುಡಿಯಲು ಶುರು ಮಾಡಿದ್ದರು. ದಂಡೆಯ ಮೇಲಿನ ಸ್ಥಾವರದಲ್ಲಿ ನೀರನ್ನು ಹೊಸ ಬಗೆಯ ತೆಳುಪೊರೆಯೊಂದರ ಮೂಲಕ ಒತ್ತಿ ಉಪ್ಪು ಬೇರ್ಪಡಿಸುತ್ತಿದ್ದರು. ಊರಿಗೆ ಊರೇ ಅದನ್ನು ಕುಡಿಯುತ್ತಿತ್ತು. ಹರಿಣಾಕ್ಷಿ ಮತ್ತೆ ಫೋನ್ ಹಿಡಿದು ಕುಳಿತಳು. ಈ ಸಲ ಒಂದೇ ಪ್ರಶ್ನೆ: ನೀವು ಕುಡಿಯುವ ನೀರು ಎಲ್ಲಿಯದು? ಮೀನು ಒಪ್ಪಿದವರೆಲ್ಲ ಬಾವಿಯವರು, ಬೋರ್‌ವೆಲ್ಲಿನವರು, ಹೊರಗಿನವರು. ಬಿಟ್ಟವರೆಲ್ಲ ನಲ್ಲಿಯವರು.

ರಾಜಧಾನಿಯಿಂದ ತಜ್ಞರ ಸಮಿತಿ ಬಂತು. ಹರಿಣಾಕ್ಷಿ ಎಲ್ಲವನ್ನೂ ಅವರ ಮುಂದಿಟ್ಟಳು. ಅವರು ತಾಳ್ಮೆಯಿಂದಲೇ ಕೇಳಿದರು. ನೀರನ್ನು ಪರೀಕ್ಷಿಸಿದರು. ಸೀಸವಿರಲಿಲ್ಲ, ಪಾದರಸವಿರಲಿಲ್ಲ, ನೋಡಬೇಕಾದ ಯಾವ ವಿಷವೂ ಇರಲಿಲ್ಲ.

“ನೋಡಬೇಕಾದದ್ದು ಅಂತ ನಿಮಗೆ ಗೊತ್ತಿರುವುದನ್ನು ಮಾತ್ರ ನೋಡಿದ್ದೀರಿ,” ಎಂದಳು ಅವಳು. “ಆ ಪೊರೆಯಿಂದ ಏನು ಕರಗಿ ಬರ್ತದೆ ಅಂತ ಯಾರಿಗೂ ಗೊತ್ತಿಲ್ಲ ಅಲ್ವಾ?”

ಸಮಿತಿಯ ಮುಖ್ಯಸ್ಥರು ಕನ್ನಡಕ ತೆಗೆದು ಒರೆಸಿದರು. “ಏನು ಅಂತ ಗೊತ್ತಿಲ್ಲದ್ದನ್ನು ಹುಡುಕೋದು ಹೇಗಮ್ಮ? ನೀವು ಹೇಳೋ ಪ್ರಕಾರ ಒಂದು ಇಡೀ ನಗರಕ್ಕೆ ಕಾಯಿಲೆ. ಅದಕ್ಕೆ ಸಾಕ್ಷಿ ಒಂದು ತೊಟ್ಟಿ ಮೀನು. ನಾಳೆಯಿಂದ ನೀರು ನಿಲ್ಲಿಸಿದ್ರೆ ಈ ಜನ ಕುಡಿಯೋದೇನು?”

ಆ ಹೊತ್ತಿಗೆ ಊರೂ ಸಿಟ್ಟಿಗೆದ್ದಿತ್ತು. ಕೆಲವರನ್ನು ಬಿಟ್ಟಾಗ ಮೀನುಗಳ ಮಾತು ದೇವರ ಮಾತಾಗಿತ್ತು, ಎಲ್ಲರನ್ನೂ ಬಿಟ್ಟಾಗ ಮೀನುಗಳಿಗೆ ತಲೆಕೆಟ್ಟಿದೆ ಎಂದಾಯಿತು. ನಿಶ್ಚಯವಾದ ಮದುವೆಗಳು ನಿಂತಿದ್ದವು. ಬಸ್ಸುಗಳಿಗೆ ಡ್ರೈವರುಗಳಿಲ್ಲ, ಬೋಟುಗಳು ಬಂದರಿನಲ್ಲೇ ಇದ್ದವು. ಒಂದು ಮಧ್ಯಾಹ್ನ ಯಾರೋ ಕೈಕೊಳಕ್ಕೆ ಸೀಮೆಎಣ್ಣೆ ಸುರಿಯಲು ಬಂದು ಕಾವಲಿನವರ ಕೈಗೆ ಸಿಕ್ಕಿಬಿದ್ದರು. ಹೆಸರು ಕೇಳಿದರೆ ಊರಿಗೆ ಗೊತ್ತಿರುವ ಡಾಕ್ಟರು.

ಅಡ್ಯಂತಾಯರು ಹರಿಣಾಕ್ಷಿಯನ್ನು ಕೋಣೆಗೆ ಕರೆದರು. ಕುಳಿತುಕೋ ಎಂದು ಹೇಳಲು ಮರೆತು, ಕಿಟಕಿಯ ಹತ್ತಿರ ನಿಂತೇ ಮಾತಾಡಿದರು.

“ಮೀನು ಬದಲಾಯಿಸ್ತಾ ಇದ್ದೇವೆ ಹರಿಣಾಕ್ಷಿ. ಬೇರೆ ಕಡೆಯಿಂದ ಸಾಮಾನ್ಯದ ತೊರಕೆ ತರಿಸ್ತೇವೆ. ಕೈ ಕಂಡರೆ ತಿಂಡಿ ಅಂತ ಬರುವಂಥದ್ದು. ಇವು ಹಿಂದಿನ ಟ್ಯಾಂಕಿನಲ್ಲಿ ಇರಲಿ.”

“ಸರ್, ಅವು ಸುಳ್ಳು ಹೇಳ್ತಿಲ್ಲ. ನಿಮಗೂ ಗೊತ್ತುಂಟು.”

“ಗೊತ್ತುಂಟು.”

“ಮತ್ತೆ?”

ಅಡ್ಯಂತಾಯರು ಹೊರಗೆ ಅಂಗಳದಲ್ಲಿ ಓಡುತ್ತಿದ್ದ ಮಕ್ಕಳತ್ತ ನೋಡಿದರು. “ಮೊನ್ನೆ ಮೊಮ್ಮಗಳನ್ನು ಕರಕೊಂಡು ಬಂದಿದ್ದೆ. ಅವಳಿಗೆ ಇನ್ನೂ ಮೂರು ವರ್ಷ. ಕೈ ಇಟ್ಟು, ಅಜ್ಜಾ ಮೀನು ಬರುವುದಿಲ್ಲ ಯಾಕೆ ಅಂತ ಕೇಳಿದಳು. ನಾನು ಎಂತ ಹೇಳ್ಬೇಕಿತ್ತು? ಮಾತ್ರೆ ಊರಿಗೆಲ್ಲ ಕೊಡುವಷ್ಟು ಎಲ್ಲಿಯೂ ಇಲ್ಲವಂತೆ. ಗೊತ್ತಾಗಿ ಏನು ಮಾಡ್ಲಿಕ್ಕುಂಟು ಹೇಳು. ಇರುವಷ್ಟು ದಿನ ಮೀನು ಬರಲಿ ಅವಳ ಕೈಗೆ.”

ಹರಿಣಾಕ್ಷಿ ಪತ್ರಿಕೆಗಳಿಗೆ ಹೋದಳು. ಒಬ್ಬರು ಬರೆದುಕೊಂಡರು, ಅಚ್ಚಾಗಲಿಲ್ಲ. ಇನ್ನೊಬ್ಬರದು ಒಳಪುಟದಲ್ಲಿ ಬಂತು, ಕೆಳಗೆ ಸಮಿತಿಯ ಹೇಳಿಕೆಯೊಂದಿಗೆ. ಬಾವಿಯ ನೀರು ಕುಡಿಯಿರಿ ಎಂದು ಕಂಡಕಂಡವರಿಗೆ ಹೇಳಿದಳು. ಬಾವಿ ಇದ್ದದ್ದು ಎಷ್ಟು ಜನರಿಗೆ? ನಲ್ಲಿ ತಿರುಗಿಸಿದರೆ ನೀರು ಬರುತ್ತಿತ್ತು, ತಿಳಿಯಾಗಿ, ತಣ್ಣಗೆ, ವಾಸನೆಯಿಲ್ಲದೆ.

ಹೊಸ ಮೀನುಗಳು ಬಂದವು. ಕೈಕೊಳಕ್ಕೆ ಹೊಸ ಬಣ್ಣ ಬಳಿದು, ಬಾಳೆಕಂಬ ಕಟ್ಟಿ ಮತ್ತೆ ತೆರೆದರು. ಕೈ ಇಟ್ಟವರಿಗೆಲ್ಲ ಮೀನು ಬಂತು. ಅಳುತ್ತ ನಿಂತಿದ್ದ ಒಬ್ಬ ಮುದುಕಿ ಹಿಂದಿನಿಂದ ಬಂದು ಎರಡೂ ಕೈ ನೀರಿಗಿಳಿಸಿ, ಬಂತು ಬಂತು ಎಂದು ಎಲ್ಲರಿಗೂ ತೋರಿಸಿದಳು. ಜನ ಒಬ್ಬರನ್ನೊಬ್ಬರು ಅಪ್ಪಿಕೊಂಡರು. ನಿಂತುಹೋದ ಮದುವೆಗಳು ಆ ತಿಂಗಳೇ ಆದವು. ಆ ವರ್ಷವೂ ವಾರಪತ್ರಿಕೆಯ ಓದುಗರು ಕೈಕೊಳವನ್ನೇ ಮೆಚ್ಚಿದರು.

ಹಳೆಯ ತೊರಕೆಗಳು ಕಟ್ಟಡದ ಹಿಂದೆ, ಕಿಟಕಿಯಿಲ್ಲದ ಕೋಣೆಯ ಟ್ಯಾಂಕಿನಲ್ಲಿದ್ದವು. ಹರಿಣಾಕ್ಷಿ ದಿನವೂ ಅವಕ್ಕೆ ಸಿಗಡಿ ಹಾಕಲು ಹೋಗುತ್ತಿದ್ದಳು. ಕೈ ಇಳಿಸಿದ ಕೂಡಲೇ ಎಲ್ಲವೂ ಒಮ್ಮೆಗೇ ಬಂದು ಅಂಗೈಗೆ, ಮಣಿಕಟ್ಟಿಗೆ, ಬೆರಳ ಸಂದಿಗೆ ಒತ್ತಿಕೊಳ್ಳುತ್ತಿದ್ದವು. ಸಿಗಡಿಯನ್ನು ಮೂಸುತ್ತಲೂ ಇರಲಿಲ್ಲ. ಇಡೀ ಊರಿನಲ್ಲಿ ಅವಕ್ಕೆ ಇನ್ನುಳಿದದ್ದು ಈ ಒಂದು ಕೈ ಎಂಬಂತೆ. ಮೀನುಗಳು ತನ್ನನ್ನು ಬಿಟ್ಟುಹೋಗಿದ್ದರೆ ಇಷ್ಟು ಭಯವಾಗುತ್ತಿತ್ತೋ ಇಲ್ಲವೋ ಎಂದು ಅವಳಿಗೆ ಅನ್ನಿಸುತ್ತಿತ್ತು.

ತಾರಾನಾಥನಿಗೆ ಕೆಲಸ ವಾಪಸು ಸಿಕ್ಕಿತು. ಹೊಸ ಮೀನು ಅವನ ಕೈಗೆ ಬಂದ ಸಂಜೆ ವಾರಿಜ ಪಾಯಸ ಮಾಡಿದಳು.

“ಬಸ್ಸು ಓಡಿಸಬೇಡ ತಾರಾ,” ಎಂದಳು ಹರಿಣಾಕ್ಷಿ. “ಆ ಮೀನಿನ ಮಾತು ನಂಬಬೇಡ. ಅದು ಎಲ್ಲರ ಕೈಗೂ ಬರ್ತದೆ.”

ಅವನು ಲೋಟ ಕೆಳಗಿಟ್ಟು ಎರಡೂ ಕೈಗಳನ್ನು ಅವಳ ಮುಂದೆ ಚಾಚಿದ. “ನೋಡು. ನಡುಗ್ತದಾ?”

ನಡುಗುತ್ತಿರಲಿಲ್ಲ.

“ಒಂದು ವರ್ಷ ಹೆಂಡತಿಯ ಹೊಲಿಗೆಯ ಮೇಲೆ ಕೂತು ತಿಂದೆ ಅಕ್ಕ. ಮಾತ್ರೆ ತಿಂದೆ. ಜನ ನನ್ನ ಕೈಯಿಂದ ಒಂದು ಬೀಡಿ ತಗೊಳ್ಳಲಿಕ್ಕೂ ಯೋಚನೆ ಮಾಡಿದರು. ಈಗ ಎಲ್ಲ ಸರಿಯಾಗಿದೆ ಅಂತ ಊರೇ ಹೇಳ್ತದೆ. ನೀನೊಬ್ಬಳು ಬೇರೆ ಹೇಳ್ಬೇಡ.”

ವಾರಿಜ ಬಾಗಿಲಲ್ಲಿ ನಿಂತು ಅತ್ತಿಗೆಯ ಮುಖವನ್ನೇ ನೋಡುತ್ತಿದ್ದಳು. ಹರಿಣಾಕ್ಷಿ ಪಾಯಸದ ಲೋಟ ಎತ್ತಿಕೊಂಡಳು. ಬಸ್‌ಸ್ಟ್ಯಾಂಡಿನ ನೀರು ಮುಟ್ಟಬೇಡ ಎಂದಷ್ಟೇ ಹೇಳಿದಳು. ಅವನು ಒಪ್ಪಿದ. ಬಾವಿಯ ನೀರಿನ ಬಾಟಲಿ ಹಿಡಿದುಕೊಂಡು ಕೆಲಸಕ್ಕೆ ಹೋಗತೊಡಗಿದ. ಆದರೆ ಮಾತ್ರೆ ಬಿಟ್ಟಿದ್ದ, ಹಿಂದಿನ ವರ್ಷಗಳ ನೀರು ಅವನ ಮೈಯೊಳಗೆ ಆಗಲೇ ಇತ್ತು.

ಮಳೆಗಾಲ ಇನ್ನೇನು ಬರಬೇಕು, ಸೆಕೆ ಕವಿದಿದ್ದ ಒಂದು ಬೆಳಿಗ್ಗೆ ಹರಿಣಾಕ್ಷಿ ಅವನ ಬಸ್ಸನ್ನೇ ಹತ್ತಿದಳು. ಕೆಲಸಕ್ಕೆ ಹೋಗುವವರು, ಕಾಲೇಜಿನವರು, ಮಾರ್ಕೆಟ್ಟಿಗೆ ಹೊರಟ ಹೆಂಗಸರು ಎಂದು ಬಸ್ಸು ಕಿಕ್ಕಿರಿದಿತ್ತು. ಡ್ರೈವರನ ಹಿಂದಿನ ಸೀಟಿನಲ್ಲಿ ಜಾಗ ಸಿಕ್ಕಿತು. ತಾರಾನಾಥ ಕನ್ನಡಿಯಲ್ಲಿ ಅಕ್ಕನನ್ನು ಕಂಡು ನಕ್ಕ. ಬಸ್ಸು ಹಳೆಯದು. ಸೀಟು, ಕಿಟಕಿ, ಸರಳು ಎಲ್ಲವೂ ಎಂಜಿನ್ನಿನ ಜೊತೆ ಗಡಗಡ ಅದುರುತ್ತಿದ್ದವು.

ಸೇತುವೆಗೆ ಹತ್ತುವ ಏರಿನಲ್ಲಿ ಗೇರು ಬದಲಾಯಿಸಲು ಅವನು ಎಡಗೈ ಇಳಿಸಿದ. ಬೆರಳು ಗೇರಿನ ಹಿಡಿಯನ್ನು ತಪ್ಪಿ ಗಾಳಿಯಲ್ಲಿ ಆಡಿತು. ಮತ್ತೆ ಹಿಡಿಯಲು ಹೋಯಿತು, ಮತ್ತೆ ಜಾರಿತು. ಬಸ್ಸು ಏರಿನಲ್ಲಿ ಮುಗ್ಗರಿಸಿತು, ಒಂದು ಗಳಿಗೆ ಹಿಂದಕ್ಕೆ ಸರಿಯಿತು. ಹಿಂದಿನ ಲಾರಿ ಹಾರ್ನ್ ಹೊಡೆಯಿತು. ಮೂರನೆಯ ಸಲ ಅವನು ಇಡೀ ತೋಳಿನ ಬಲ ಹಾಕಿ ಗೇರು ತಳ್ಳಿದ. ಬಸ್ಸು ಸೇತುವೆ ಹತ್ತಿತು. ಕೆಳಗೆ ಬತ್ತಿದ ಹೊಳೆಯ ಪಾತ್ರ ಮಣ್ಣು ಬಣ್ಣದಲ್ಲಿ ಅಗಲವಾಗಿ ಹರಡಿತ್ತು. ಕನ್ನಡಿಯಲ್ಲಿ ಅವನ ಕಣ್ಣು ಅವಳನ್ನು ಹುಡುಕಿತು. ನಗುವಿರಲಿಲ್ಲ.

ಹರಿಣಾಕ್ಷಿ ಮುಂದಕ್ಕೆ ಬಾಗಿದಳು. “ನಿಲ್ಸು ತಾರಾ.”

“ಸೇತುವೆ ದಾಟಲಿ ಅಕ್ಕ.”

“ಇಲ್ಲೇ ನಿಲ್ಸು.”

ಅವನು ವಾದಿಸಲಿಲ್ಲ. ಬದಿಯ ದೀಪ ಹಾಕಿ ಮೆಲ್ಲನೆ ಬಸ್ಸನ್ನು ಎಡಕ್ಕೆ ತಂದು, ಸೇತುವೆಯ ಕಟ್ಟೆಗೆ ತಾಗಿದಂತೆ ನಿಲ್ಲಿಸಿದ. ಕೀಲಿ ತಿರುಗಿಸಿ ಎಂಜಿನ್ ಬಂದ್ ಮಾಡಿ, ಎರಡೂ ಕೈಗಳನ್ನು ತೊಡೆಗಳ ನಡುವೆ ಅಮುಕಿಕೊಂಡು ಕುಳಿತ. ಹರಿಣಾಕ್ಷಿ ಅವನ ಭುಜದ ಮೇಲೆ ಕೈ ಇಟ್ಟಳು. ಭುಜ ಒದ್ದೆಯಾಗಿತ್ತು.

“ಎಂತ ಆಯ್ತು ಡ್ರೈವರೇ?” ಎಂದು ಹಿಂದಿನಿಂದ ಯಾರೋ ಕೇಳಿದರು. ಉತ್ತರ ಬಾರದಿರಲು ಎಲ್ಲರೂ ಮಾತು ನಿಲ್ಲಿಸಿ ಮುಂದಕ್ಕೆ ನೋಡಿದರು. ಬಸ್ಸಿನೊಳಗೆ ನಿಶ್ಶಬ್ದವಾಯಿತು.

ಪೂರ್ತಿ ನಿಶ್ಶಬ್ದವಲ್ಲ. ಏನೋ ಒಂದು ಸಣ್ಣ ಸದ್ದು ಉಳಿದುಕೊಂಡಿತ್ತು. ಹರಿಣಾಕ್ಷಿ ತಿರುಗಿ ನೋಡಿದಳು. ಮೇಲಿನ ಕಬ್ಬಿಣದ ಸರಳನ್ನು ಹಿಡಿದು ಹೆಂಗಸರು ನಿಂತಿದ್ದರು, ಅವರ ಬಳೆ ಸರಳಿಗೆ ತಾಗಿ ಕಿಣಿಕಿಣಿ ಎನ್ನುತ್ತಿತ್ತು. ಕಂಡಕ್ಟರನ ಕೈಯಲ್ಲಿದ್ದ ಚಿಲ್ಲರೆ ಕಿಣಿಕಿಣಿ ಎನ್ನುತ್ತಿತ್ತು. ಕಾಲೇಜಿನ ಹುಡುಗಿಯೊಬ್ಬಳ ಮಡಿಲಲ್ಲಿ ಸ್ಟೀಲಿನ ಊಟದ ಡಬ್ಬಿಯ ಮುಚ್ಚಳ ಅದುರುತ್ತಿತ್ತು, ಅವಳು ಅದನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ಎಂಜಿನ್ ನಿಂತಿದೆ ಎನ್ನುವುದು ಅವರಲ್ಲಿ ಇನ್ನೂ ಯಾರ ಗಮನಕ್ಕೂ ಬಂದಿರಲಿಲ್ಲ.